ನಕ್ಷತ್ರ ಗುರುತಿನ ಒಂದು ರೂಪಾಯಿ

ಭಾನುವಾರ ಬೆಳಿಗ್ಗೆ ಅಪ್ಪನನ್ನು ಆಟೋದಲ್ಲಿ ಕೂರಿಸಿಕೊಂಡು ಚಿತ್ತವಾಡ್ಗಿಯಿಂದ ಪೇಟೆಯೊಳಗಿನ ಮೊಬೈಲ್ ರಿಪೇರಿ ಅಂಗಡಿಗೆ ಕರೆದುಕೊಂಡು ಹೋಗುವುದು ಈಗ ನನ್ನ ಪಾಲಿಗೆ ಬಂದಿರುವ ಕೆಲಸ. ಮೊದಲು ಅವನೇ ಸೈಕಲ್ ತುಳಿದುಕೊಂಡು ಹೋಗುತ್ತಿದ್ದ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದ ಮೇಲೆ ಅವ್ವ ಕೈ ಹಿಡಿದು ಕರೆದೊಯ್ಯುತ್ತಿದ್ದಳು. ಅವ್ವ ಹೋದ ಮೇಲೆ ನಾನು. ಸಂಡೂರಿನಲ್ಲಿ ಅದಿರು ಲಾರಿಗಳನ್ನು ತೂಗುವ ವೇಬ್ರಿಜ್ ಆಫೀಸಿನಲ್ಲಿ ನನ್ನ ಕೆಲಸ. ಗಂಡ, ಮನೆ ಎಲ್ಲ ಅಲ್ಲೇ. ಶನಿವಾರ ಸಂಜೆ ಬಸ್ಸಿಗೆ ಬರುತ್ತೇನೆ, ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತೇನೆ. ಉಳಿದ ದಿನ ಅಪ್ಪನ ಊಟ ತಿಂಡಿ ನೋಡುವುದು ಪಕ್ಕದ ಮನೆಯಲ್ಲೇ ಇರುವ ನನ್ನ ಸೋದರತ್ತೆ.

ಅಂಗಡಿಯ ಯಜಮಾನನನ್ನು ಎಲ್ಲರೂ ಭಾಯ್ ಎನ್ನುತ್ತಾರೆ. ಭಾನುವಾರ ಅವನ ಅಂಗಡಿಗೆ ರಜೆ. ಶಟರನ್ನು ಅರ್ಧಕ್ಕೆ ಎತ್ತಿ, ಕೌಂಟರಿನ ಮೇಲೆ ಬಿಚ್ಚಿಟ್ಟ ಫೋನುಗಳನ್ನೆಲ್ಲ ಡಬ್ಬಿಗೆ ತುಂಬಿ, ಕೌಂಟರಿಗೆ ಕರಿ ಬಟ್ಟೆ ಹಾಸುತ್ತಾನೆ. ಎಮ್ಮಿಗನೂರಿನಿಂದ ಗೌಡರು ಬರುತ್ತಾರೆ, ಕಬ್ಬು ಬೆಳೆಯುವವರು. ಹಂಪಿಯಿಂದ ಆಚಾರ್ರು ಬರುತ್ತಾರೆ, ಅಲ್ಲಿನ ಒಂದು ಗುಡಿಯ ಅರ್ಚಕರು. ಅಪ್ಪ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು, ಹಾಗಾಗಿ ಅಲ್ಲಿ ಅವನ ಹೆಸರು ಕಂಡಕ್ಟ್ರು. ಇಷ್ಟೇ ಜನ. ವಾರವಿಡೀ ತಮಗೆ ಸಿಕ್ಕ, ತಾವು ಕೊಂಡ ನಾಣ್ಯಗಳ ಫೋಟೋಗಳನ್ನು ಫೋನಿನ ಗ್ರೂಪಿನಲ್ಲಿ ಹಾಕಿ ಹಾಕಿ ಸಾಲದೆ, ಭಾನುವಾರ ಅವನ್ನೇ ಹಿಡಿದುಕೊಂಡು ಬಂದು ಒಬ್ಬರಿಗೊಬ್ಬರು ತೋರಿಸುತ್ತಾರೆ.

ನಾಣ್ಯದವರ ನಡುವೆ ಒಂದು ಬೆಳಗು ಕಳೆಯುವುದೆಂದರೆ ಏನೆಂದು ಕಳೆದವರಿಗೇ ಗೊತ್ತು. ಒಬ್ಬರು ತಮ್ಮ ಹೊಸದನ್ನು ಕರಿ ಬಟ್ಟೆಯ ಮೇಲೆ ಇಡುತ್ತಾರೆ. ಭೂತಗನ್ನಡಿ ಕೈಯಿಂದ ಕೈಗೆ ಹೋಗುತ್ತದೆ. ಎಲ್ಲರೂ ನೋಡಿ ಮುಗಿಸುವವರೆಗೆ ಯಾರೂ ತುಟಿ ಬಿಚ್ಚುವ ಹಾಗಿಲ್ಲ. ಆಮೇಲೆ ಇಟ್ಟವರು ಅದು ಬಂದ ದಾರಿ ಹೇಳಬೇಕು, ಯಾರ ಮನೆಯದು, ಯಾರ ಕೈಯಿಂದ ಹೇಗೆ ಬಂತು ಎಂದು. ಆ ಕತೆಯಲ್ಲಿ ಅರ್ಧ ಸುಳ್ಳಿದ್ದರೂ ಕೇಳಿದವರು ತಲೆ ಆಡಿಸಬೇಕು. ಚಹಾದ ಗ್ಲಾಸನ್ನು ಆ ಕೌಂಟರಿನ ಮೇಲೆ ಇಟ್ಟರೆ ಮುಗಿಯಿತು, ಮನೆತನ ಎತ್ತಿ ಬೈಯುತ್ತಾರೆ. ಇನ್ನೊಂದು ಕಟ್ಟಳೆ ಇದೆ. ಯಾರಾದರೂ ತಮ್ಮ ಹತ್ತಿರ ಇರುವ ಒಳ್ಳೆಯ ನಾಣ್ಯವನ್ನು ಬಿಟ್ಟುಕೊಡುವುದಾದರೆ ಮೊದಲು ಇಲ್ಲಿ ಕೇಳಬೇಕು. ಇಲ್ಲಿಯವರೆಲ್ಲ ಬೇಡವೆಂದ ಮೇಲೆಯೇ ಹೊರಗಿನವರಿಗೆ. ಈ ಒಂದು ವಿಷಯದಲ್ಲಿ ಮಾತ್ರ ಅವರು ಸುಳ್ಳು ಹೇಳುವುದಿಲ್ಲ.

ಗೌಡರು ಕಂಪ್ಲಿಯ ಹಳೆ ಪಾತ್ರೆ ಅಂಗಡಿಯಲ್ಲಿ ತಾಮ್ರದ ರಾಶಿ ಕೆದಕಿ ಹಸಿರು ಹಿಡಿದ ಬಿಲ್ಲೆಗಳನ್ನು ತರುತ್ತಾರೆ. ಅದರ ಮೇಲಿರುವುದು ಬಸವನೋ ಆನೆಯೋ ಎಂದು ಒಂದು ವಾರ ಜಗಳ, ಮುಂದಿನ ವಾರ ಅದೇ ಜಗಳದ ಮುಂದಿನ ಭಾಗ. ಭಾಯ್ ಟಂಕಸಾಲೆಯಲ್ಲಿ ತಪ್ಪಾಗಿ ಅಚ್ಚಾದ ನಾಣ್ಯಗಳ ಹಿಂದೆ ಬಿದ್ದಿದ್ದಾನೆ. ಒಂದು ಕಡೆ ಬೋಳಾದದ್ದು, ಅಂಚು ಜಾರಿದ್ದು, ಸಿಂಹ ಓರೆಯಾದದ್ದು, ಎಲ್ಲ ಫೋನಿನಲ್ಲೇ ನೋಡಿ ತರಿಸುತ್ತಾನೆ. ಹತ್ತರಲ್ಲಿ ಮೂರು ಯಾರೋ ಮನೆಯಲ್ಲಿ ಕಾನಸು ಹಾಕಿ ಉಜ್ಜಿದವು ಎಂದು ಆಚಾರ್ರು ಹೇಳುತ್ತಾರೆ. ಆಚಾರ್ರಿಗೆ ಖರ್ಚೇ ಇಲ್ಲ. ಹಂಪಿಗೆ ಬರುವ ವಿದೇಶದವರು ಮಂಗಳಾರತಿ ತಟ್ಟೆಗೆ ತಮ್ಮ ದೇಶದ ಚಿಲ್ಲರೆ ಹಾಕಿ ಹೋಗುತ್ತಾರೆ, ಬ್ಯಾಂಕಿನವರು ಅದನ್ನು ತೆಗೆದುಕೊಳ್ಳುವುದಿಲ್ಲ, ಆಚಾರ್ರು ತಮ್ಮ ಕೈಯಿಂದ ಹುಂಡಿಗೆ ಒಂದಿಷ್ಟು ಹಾಕಿ ಅದನ್ನು ಇಟ್ಟುಕೊಳ್ಳುತ್ತಾರೆ. ಈಚೆಗೆ ಅವರದ್ದೂ ಗೋಳು. ‘ತಟ್ಟಿ ಬಾಜೂಕ ಸ್ಕ್ಯಾನ್ ಮಾಡೋ ಬೋರ್ಡ್ ಇಟ್ಟಾರ್ರಿ. ದೇವ್ರಿಗೆ ಕೈ ಮುಗೀತಾರ, ಫೋನ್ ತೋರಸ್ತಾರ, ಹೊಂಟು ಹೋಗ್ತಾರ.’

ಅಪ್ಪ ಈಗ ಹೊಸದೇನನ್ನೂ ತರುವುದಿಲ್ಲ. ಬೇರೆಯವರು ಇಟ್ಟದ್ದನ್ನು ಅಂಗೈ ಮೇಲೆ ಇಟ್ಟುಕೊಂಡು, ಹೆಬ್ಬೆರಳಿನಿಂದ ಅಂಚು ಸವರಿ, ‘ಚಲೋ ಐತಿ’ ಎನ್ನುತ್ತಾನೆ. ನಾನು ಮೂಲೆಯ ಸ್ಟೂಲಿನ ಮೇಲೆ ಕೂತಿರುತ್ತೇನೆ. ಅವರು ನಗುವಾಗ ನಗುವುದಿಲ್ಲ, ಜಗಳವಾಡುವಾಗ ಎದ್ದು ಹೋಗುವುದೂ ಇಲ್ಲ. ಅವ್ವ ಸತ್ತ ದಿನದಿಂದ ನಾನು ಇದ್ದದ್ದೇ ಹೀಗೆ. ಒಂದು ಹನಿ ಅತ್ತಿರಲಿಲ್ಲ. ಅದಕ್ಕೆ ಕಾರಣ ಒಂದು ನಾಣ್ಯ, ಅದನ್ನು ಇಲ್ಲಿ ಹೇಳಿಬಿಡುತ್ತೇನೆ.

ಅವ್ವನನ್ನು ಆಸ್ಪತ್ರೆಯಿಂದ ಬೆಳಿಗ್ಗೆ ಮನೆಗೆ ತಂದರು. ಮುತ್ತೈದೆಯಾಗಿ ಹೋದಳೆಂದು ಸೋದರತ್ತೆ ಅರಿಶಿನ ಹಚ್ಚಿ, ಹಸಿರು ಬಳೆ ಇಟ್ಟು, ತಲೆ ತುಂಬ ಹೂ ಮುಡಿಸಿದಳು. ನಮ್ಮ ಕಡೆ ಹಣೆಗೆ ದೊಡ್ಡದಾಗಿ ಕುಂಕುಮ ಕಲಸಿ ಹಚ್ಚಿ, ಅದರ ಮೇಲೆ ಒಂದು ರೂಪಾಯಿಯ ನಾಣ್ಯ ಅಂಟಿಸುತ್ತಾರೆ. ಮಣ್ಣು ಮಾಡುವಾಗ ಅದು ಅವರ ಜೊತೆಗೇ ಹೋಗುತ್ತದೆ. ಅತ್ತೆ ಕುಂಕುಮ ಕಲಸಿಕೊಂಡು, ‘ಒಂದು ರೂಪಾಯಿ ಕೊಡ್ರಿ’ ಎಂದು ಕೈ ಚಾಚಿದಳು. ಅಂಗಳದ ತುಂಬ ಜನ ಇದ್ದರು. ಗಂಡಸರು ಜೇಬು ತಡವಿಕೊಂಡರು, ಹೆಂಗಸರು ಪರ್ಸು ಬಿಚ್ಚಿದರು. ಯಾರ ಹತ್ತಿರವೂ ಒಂದು ರೂಪಾಯಿ ಇರಲಿಲ್ಲ. ಎಲ್ಲರದೂ ಫೋನಿನಲ್ಲೇ ವ್ಯವಹಾರ. ಒಬ್ಬರು ಐದರದ್ದು ಕೊಟ್ಟರು, ಒಬ್ಬರು ಎರಡರದ್ದು. ಅತ್ತೆ ಒಪ್ಪಲಿಲ್ಲ. ‘ಒಂದರದ್ದ ಆಗಬೇಕು’ ಎಂದು ಕೂತಳು. ಓಣಿಯ ಅಂಗಡಿಯವನು ಸಾವಿನ ಮನೆಯ ಮರ್ಯಾದೆಗೆಂದು ಬಾಗಿಲು ಹಾಕಿದ್ದ.

ಆಗ ಅಪ್ಪ ಗೋಡೆ ಹಿಡಿದುಕೊಂಡು ಎದ್ದು, ‘ನಾ ತರ್ತೀನಿ ತಡೀರಿ’ ಎಂದು ಒಳಗಿನ ಕೋಣೆಗೆ ಹೋದ.

ಜೀವಮಾನವಿಡೀ ನಾಣ್ಯ ಕೂಡಿಟ್ಟ ಮನೆ ಅದು. ಕಂಪ್ಲಿ, ಎಮ್ಮಿಗನೂರು ಕಡೆಯ ಬಸ್ಸುಗಳಲ್ಲಿ ಟಿಕೆಟ್ ಹರಿದು ಹರಿದು, ಸಂಜೆ ಚೀಲದ ಚಿಲ್ಲರೆಯಲ್ಲಿ ಬೇಕಾದದ್ದು ಕಂಡರೆ ತನ್ನ ಜೇಬಿನಿಂದ ಬದಲಿ ಹಾಕಿ ಎತ್ತಿಟ್ಟುಕೊಂಡು ಮಾಡಿದ ಸಂಗ್ರಹ. ಅದರಲ್ಲಿ ಎರಡು ಬಗೆ. ಒಳ್ಳೆಯವು ಆಲ್ಬಮಿನೊಳಗೆ, ವರ್ಷದ ಪ್ರಕಾರ, ಪ್ಲಾಸ್ಟಿಕ್ಕಿನ ಒಂದೊಂದು ಕಿಸೆಯಲ್ಲಿ ಒಂದೊಂದು. ಒಂದೇ ನಮೂನೆಯ ಹೆಚ್ಚಿನವು, ಇವರು ಡಬಲ್ ಎನ್ನುವವು, ಬಿಸ್ಕತ್ತಿನ ಡಬ್ಬಿಯಲ್ಲಿ. ಆ ಡಬ್ಬಿಯಲ್ಲಿ ಒಂದು ರೂಪಾಯಿಯವು ಬೇಕಾದಷ್ಟಿದ್ದವು. ಕೈ ಹಾಕಿ ಒಂದನ್ನು ತಂದರೆ ಆಗುತ್ತಿತ್ತು. ಕೋಣೆಯ ಬಾಗಿಲು ಅರ್ಧ ತೆರೆದಿತ್ತು, ನಾನು ಅವ್ವನ ತಲೆಯ ಹತ್ತಿರ ಕೂತಿದ್ದೆ, ಅಲ್ಲಿಂದ ನೇರ ಕಾಣುತ್ತಿತ್ತು. ಅಪ್ಪ ಮಂಚದ ಮೇಲೆ ಆಲ್ಬಮ್ ಬಿಚ್ಚಿಕೊಂಡು, ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿ ಹಿಡಿದು, ಒಂದು ನಾಣ್ಯವನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ. ಅದನ್ನು ಇಟ್ಟು ಇನ್ನೊಂದನ್ನು ನೋಡಿದ. ಮತ್ತೆ ಮೊದಲಿನದು. ಹೊರಗೆ ಹೆಣ ಕಾಯುತ್ತಿತ್ತು. ‘ಜಲ್ದಿ ತರ್ರಿ ಅಣ್ಣಾ’ ಎಂದು ಅತ್ತೆ ಕೂಗಿದಳು. ಅವನು ಗಡಿಬಿಡಿಯಿಂದ ಬಂದು ಅವಳ ಅಂಗೈಗೆ ಒಂದು ನಾಣ್ಯ ಹಾಕಿದ. ಅವಳು ಅದನ್ನು ಕುಂಕುಮದ ಮೇಲೆ ಒತ್ತಿದಳು.

ನಾಣ್ಯದವರ ಬುದ್ಧಿ ನನಗೆ ಗೊತ್ತಿಲ್ಲವೇ? ಅವರು ಭೂತಗನ್ನಡಿ ಹಿಡಿದು ನೋಡುವುದು ಬೆಲೆಯುಳ್ಳದ್ದು ಕೈತಪ್ಪಿ ಹೋಗಬಾರದೆಂದು. ಹೆಂಡತಿಯ ಹೆಣಕ್ಕೆ ಕೊಡುವ ರೂಪಾಯಿಯನ್ನೂ ಹೀಗೆ ಒರೆಗೆ ಹಚ್ಚಿ, ಹೋದರೂ ನಷ್ಟವಿಲ್ಲದ ಒಂದನ್ನು ಆರಿಸಿಕೊಂಡು ಬಂದ ಎಂದು ನನಗೆ ಅನ್ನಿಸಿತು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕರೆಂಟು ಹೋದ ಹಾಗೆ ಒಳಗೆ ಎಲ್ಲ ನಿಂತುಹೋಯಿತು. ಅತ್ತೆ ನನ್ನ ತೋಳು ಹಿಡಿದು ಅಲುಗಿಸಿ, ‘ಅತ್ತುಬಿಡವ್ವ’ ಎಂದಳು. ಅವಳ ಮುಖ ನೋಡಿದೆ, ಅಷ್ಟೇ.

ಆಮೇಲಿನ ತಿಂಗಳುಗಳ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಆಫೀಸಿನಲ್ಲಿ ಲಾರಿ ಬರುತ್ತಿತ್ತು, ತೂಕ ಬರುತ್ತಿತ್ತು, ಚೀಟಿ ಕೊಡುತ್ತಿದ್ದೆ. ಮೇಜಿನ ಮೇಲೆ ಕೂತ ಕೆಂಪು ಧೂಳನ್ನು ಒರೆಸುತ್ತಿದ್ದೆ, ಮತ್ತೆ ಕೂರುತ್ತಿತ್ತು. ಸಾರಿಗೆ ಉಪ್ಪು ಹಾಕಿಲ್ಲವೆಂದು ಗಂಡ ಹೇಳಿದಾಗಲೇ ನನಗೂ ಗೊತ್ತಾಗುತ್ತಿದ್ದದ್ದು. ‘ಅಪ್ಪನ್ನ ನೋಡಾಕ ವಾರಾ ವಾರಾ ಹೋಗ್ತಿ, ಅವರ ಜೋಡಿ ಒಂದ್ ಮಾತೂ ಆಡಂಗಿಲ್ಲ’ ಎಂದು ಅವನು ಒಂದು ಸಲ ಕೇಳಿದ. ಅಪ್ಪನ ಹತ್ತಿರ ನಾನು ಕೇಳಬೇಕಾಗಿದ್ದುದು ಒಂದೇ, ಅವತ್ತು ಕೊಟ್ಟದ್ದು ಯಾವ ನಾಣ್ಯ ಎಂದು. ಅದನ್ನು ಕೇಳಲು ಬಾಯಿ ಬರುತ್ತಿರಲಿಲ್ಲ. ಅದನ್ನು ಬಿಟ್ಟು ಬೇರೆ ಏನು ಮಾತಾಡಿದರೂ ಸುಮ್ಮನೆ ಗಾಳಿ. ಅಪ್ಪನೂ ಆ ಆಲ್ಬಮನ್ನು ಮತ್ತೆ ಮುಟ್ಟಿರಲಿಲ್ಲ. ಟ್ರಂಕಿನ ಮೇಲೆ ಬಟ್ಟೆ ಹೊದ್ದುಕೊಂಡು ಬಿದ್ದಿತ್ತು. ಅವನ ಮುಖ ಕಂಡರೆ ಪಾಪ ಎನ್ನಿಸಬೇಕಾದ ಜಾಗದಲ್ಲಿ ನನಗೆ ಏನೂ ಅನ್ನಿಸುತ್ತಿರಲಿಲ್ಲ.

ಅವ್ವ ಈ ನಾಣ್ಯಗಳನ್ನು ಸವತಿಯರು ಎನ್ನುತ್ತಿದ್ದಳು. ‘ನಿಮ್ಮಪ್ಪಗ ನಾ ಒಬ್ಬಾಕಿ ಅಲ್ಲ, ಟ್ರಂಕ್ ತುಂಬ ಅದಾರ’ ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ಹಾಗೆಂದು ಬಿಟ್ಟು ಕೂತವಳಲ್ಲ. ಅಪ್ಪ ಡ್ಯೂಟಿ ಮುಗಿಸಿ ಬಂದರೆ ಅವನ ಜೊತೆ ಚಿಲ್ಲರೆ ಹರವಿಕೊಂಡು ಕೂರುತ್ತಿದ್ದಳು. ಅಕ್ಷರ ಅಷ್ಟಕ್ಕಷ್ಟೇ, ಆದರೆ ಇಸವಿಯ ಕೆಳಗಿನ ಗುರುತು ಅವಳ ಕಣ್ಣಿಗೇ ಮೊದಲು ಬೀಳುತ್ತಿತ್ತು. ಚುಕ್ಕೆ ಇದ್ದರೆ ಒಂದು ಊರಿನ ಟಂಕಸಾಲೆ, ವಜ್ರದಂಥದ್ದಿದ್ದರೆ ಇನ್ನೊಂದು, ಏನೂ ಇಲ್ಲದಿದ್ದರೆ ಕಲ್ಕತ್ತ, ನಕ್ಷತ್ರ, ಅವ್ವನ ಬಾಯಲ್ಲಿ ಚಿಕ್ಕಿ, ಇದ್ದರೆ ಹೈದರಾಬಾದು. ‘ಚಿಕ್ಕಿ ಐತಿ ನೋಡ್ರಿ’ ಎಂದು ಎತ್ತಿಕೊಡುತ್ತಿದ್ದಳು.

ಒಂದು ಭಾನುವಾರ ಆಚಾರ್ರು ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದರು. ಗೌಡರ ತಾಮ್ರದ ಬಿಲ್ಲೆ ಆಯಿತು, ಭಾಯಿಯ ಓರೆ ಸಿಂಹ ಆಯಿತು. ತಮ್ಮ ಸರದಿ ಬಂದಾಗ ಆಚಾರ್ರು ಪಂಚೆಯ ಸೊಂಟದಿಂದ ಹತ್ತಿಯಲ್ಲಿ ಸುತ್ತಿದ್ದ ಒಂದು ರೂಪಾಯಿ ತೆಗೆದು ಬಟ್ಟೆಯ ಮೇಲೆ ಇಟ್ಟರು. ನನಗೆ ಅದು ಯಾರ ಮನೆಯಲ್ಲಾದರೂ ಇರುವ ಹಳೆಯ ಒಂದು ರೂಪಾಯಿ. ಗೌಡರು ಭೂತಗನ್ನಡಿ ಹಿಡಿದವರು ಕೆಳಗೆ ಇಡಲೇ ಇಲ್ಲ. ಭಾಯ್ ಅವರ ಕೈಯಿಂದ ಕಿತ್ತುಕೊಂಡು ನೋಡಿದ. ಆ ಇಸವಿಯ ಹೈದರಾಬಾದಿನ ರೂಪಾಯಿ ಇವರೆಲ್ಲ ಎಷ್ಟೋ ವರ್ಷದಿಂದ ಹುಡುಕುತ್ತಿದ್ದದ್ದು. ಆ ವರ್ಷ ಅಲ್ಲಿ ತೀರ ಕಡಿಮೆ ಅಚ್ಚು ಹಾಕಿದರಂತೆ. ಈ ನಾಲ್ವರಲ್ಲಿ ಅದು ಇದ್ದದ್ದು ಅಪ್ಪನೊಬ್ಬನ ಹತ್ತಿರ. ಅದನ್ನು ನೋಡುವುದಕ್ಕೆಂದೇ ಇವರೆಲ್ಲ ಒಂದೊಂದು ಸಲ ನಮ್ಮ ಮನೆಗೆ ಬಂದು ಅವ್ವನ ಕೈಯ ಮಂಡಾಳು ಒಗ್ಗರಣೆ ತಿಂದು ಹೋಗಿದ್ದರು.

ಆಚಾರ್ರು ಬಂದ ದಾರಿ ಹೇಳಿದರು. ಯಾವುದೋ ಮುದುಕಿ ಸೆರಗಿನ ಗಂಟು ಬಿಚ್ಚಿ ತಟ್ಟೆಗೆ ಹಾಕಿದಳಂತೆ, ಮರಿಯಮ್ಮನಹಳ್ಳಿ ಕಡೆಯವಳಂತೆ.

‘ಚಿಕ್ಕಿ ಖರೇನ ಐತೋ, ಯಾರರ ಕೆತ್ಯಾರೋ?’ ಎಂದ ಭಾಯ್. ಸಾದಾ ನಾಣ್ಯಕ್ಕೆ ಸೂಜಿಯಿಂದ ನಕ್ಷತ್ರ ಕೆತ್ತಿ ಮಾರುವವರೂ ಇದ್ದಾರೆ.

‘ಅದಕ್ಕ ಹೇಳೋದು ನಾನು’ ಎಂದು ಆಚಾರ್ರು ಅಪ್ಪನ ಕಡೆ ತಿರುಗಿದರು. ‘ಕಂಡಕ್ಟ್ರ, ಮುಂದಿನ ವಾರ ನಿಮ್ಮದು ತೊಗೊಂಡ್ ಬರ್ರಿ. ಎರಡೂ ಬಾಜೂ ಬಾಜೂಕ ಇಟ್ಟು ನೋಡಿಬಿಡೋಣ. ನಿಮ್ಮದಂತೂ ಅಸಲು, ಅದರಾಗ ಎರಡು ಮಾತಿಲ್ಲ.’

ಅಪ್ಪ ಕರಿ ಬಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಸವರಿದ. ‘ನನ್ನ ಹತ್ರ ಇಲ್ರಿ ಅದು’ ಎಂದ.

ಗೌಡರ ಮುಖ ಬಿಗಿಯಿತು. ‘ಇಲ್ಲಂದ್ರ? ಕೊಟ್ರೇನು?’

‘ಕೊಟ್ಟೆ.’

‘ನಮ್ಮನ್ನ ಒಂದ್ ಮಾತು ಕೇಳಬೇಕಿತ್ತಲ್ರಿ. ಏನ್ ಕಟ್ಟಳಿ ಮಾಡ್ಕೊಂಡೀವಿ ನಾವು? ಹೊರಗಿನೋರಿಗೆ ಕೊಡೂದಂದ್ರ ಏನರ್ಥ?’ ಗೌಡರಿಗೆ ನಿಜವಾಗಿಯೂ ನೋವಾಗಿತ್ತು. ಅವರು ಬೈಗುಳ ಆಡುವಾಗ ನಗುತ್ತಾರೆ, ಈಗ ನಗುತ್ತಿರಲಿಲ್ಲ. ‘ಯಾರಿಗೆ ಕೊಟ್ರಿ, ಅದನ್ನರ ಹೇಳ್ರಿ.’

‘ಹೊರಗಿನೋರಿಗೆ ಅಲ್ರಿ ಗೌಡ್ರ. ಚೀಲದಾಗಿಂದ ಅದನ್ನ ಹುಡುಕಿ ತಗದಾಕಿ ನಮ್ಮನಿಯಾಕಿ. ಅಕಿಗೇ ಕೊಟ್ಟು ಕಳಿಸ್ದೆ.’

ಯಾರಿಗೂ ಕೂಡಲೇ ತಿಳಿಯಲಿಲ್ಲ. ಮೊದಲು ತಿಳಿದದ್ದು ಆಚಾರ್ರಿಗೆ. ಸಾವಿನ ದಿನ ಬಂದು ಅಂಗಳದಲ್ಲಿ ನಿಂತು, ಒಂದು ರೂಪಾಯಿಗಾಗಿ ಜೇಬು ತಡವಿಕೊಂಡವರಲ್ಲಿ ಅವರೂ ಒಬ್ಬರು. ಅವರು ತಮ್ಮ ನಾಣ್ಯವನ್ನು ನಿಧಾನವಾಗಿ ಹತ್ತಿಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಭಾಯ್ ಎದ್ದು ಹೋಗಿ ಶಟರಿನ ಕೆಳಗೆ ಬಗ್ಗಿ ಚಹಾ ಹೇಳಿದ. ಗೌಡರು ಅಪ್ಪನ ಮೊಣಕಾಲ ಮೇಲೆ ಕೈ ಇಟ್ಟು, ಹಾಗೇ ಇಟ್ಟುಕೊಂಡು ಕೂತರು. ಆ ದಿನ ಮತ್ತೆ ಯಾರೂ ನಾಣ್ಯದ ಮಾತೆತ್ತಲಿಲ್ಲ.

ನಾನು ಸ್ಟೂಲಿನ ಮೇಲೆ ಕೂತೇ ಇದ್ದೆ. ಇಷ್ಟು ತಿಂಗಳು ಅಪ್ಪನ ಮೇಲೆ ಹೊರಿಸಿದ್ದು ಸುಳ್ಳೆಂದು ಗೊತ್ತಾಯಿತು. ಹಗುರವಾಗಬೇಕಲ್ಲ? ಆಗಲಿಲ್ಲ. ಅಪ್ಪನ ಚಪ್ಪಲಿ ನೋಡುತ್ತ ಕೂತೆ. ಆಟೋದಲ್ಲಿ ಬರುವಾಗ ಅವನ ಕೈ ಹಿಡಿಯೋಣ ಅನ್ನಿಸಿತು, ಹಿಡಿಯಲಿಲ್ಲ. ಹಿಡಿದರೆ ಏನಾದರೂ ಹೇಳಬೇಕಾಗುತ್ತದೆ.

ಮನೆಗೆ ಬಂದ ಮೇಲೆ ಅಪ್ಪ ಊಟಕ್ಕೆ ಏಳಲಿಲ್ಲ. ಮಂಚದ ಮೇಲೆ ಕೂತು, ‘ಒಂದ್ ಕೆಲಸ ಐತಿ. ಆಲ್ಬಮ್ ತಗಿ’ ಎಂದ.

ತೆಗೆದು ಅವನ ತೊಡೆಯ ಮೇಲೆ ಇಟ್ಟೆ. ಅವನು ಅದನ್ನು ನನ್ನ ಕಡೆಗೇ ಸರಿಸಿದ.

‘ನನಗ ಧೈರ್ಯ ಸಾಲವಲ್ದು. ನೀ ನೋಡು. ಆ ಇಸವಿದು ಎರಡು ಇದ್ವು, ಬಾಜೂ ಬಾಜೂಕ. ಒಂದು ಚಿಕ್ಕೀದು, ಒಂದು ಕಲ್ಕತ್ತಾದು, ಸಾದಾ. ಅವತ್ತು ಎರಡೂ ಹೊರಗ ತಗದಿದ್ದೆ. ಕಣ್ಣಾಗ ನೀರು ಬ್ಯಾರೆ, ಮೊದ್ಲ ಕಾಣಂಗಿಲ್ಲ. ಭೂತಗನ್ನಡಿ ಹಾಕಿ ನೋಡೀನಿ, ಇದ ಚಿಕ್ಕೀದು ಅಂತ ಎಡಗೈಯಾಗ ಹಿಡಕೊಂಡೆ. ಅಷ್ಟರಾಗ ಜಲ್ದಿ ತರ್ರಿ ಅಂದ್ರು. ಗಾಬ್ರ್ಯಾಗ ಒಂದನ್ನ ಒಳಗ ಹಾಕಿದೆ, ಒಂದನ್ನ ತೊಗೊಂಡ್ ಬಂದೆ. ಯಾವುದನ್ನ ಹಾಕಿದೆ, ಯಾವುದನ್ನ ಕೊಟ್ಟೆ, ಈಗ ಹೇಳು ಅಂದ್ರ ಗೊತ್ತಿಲ್ಲ. ಅವತ್ತಿಂದ ನಿದ್ದಿ ಇಲ್ಲವ್ವ. ಅಲ್ಲೆ ಎಲ್ಲಾರ ಮುಂದ ಅಕಿಗೆ ಕೊಟ್ಟೆ ಅಂತ ಹೇಳಿ ಬಂದೆ. ಖರೇ ಹೇಳಿದ್ನೋ ಸುಳ್ಳು ಹೇಳಿದ್ನೋ, ನೋಡು.’

ಕೆಲವು ತಪ್ಪುಗಳು ಇಂಥವರ ಕೈಯಿಂದ ಮಾತ್ರ ಆಗುತ್ತವೆ. ಬೇರೆ ಯಾವ ಗಂಡನಾದರೂ ಒಂದು ರೂಪಾಯಿ ಕೊಟ್ಟಿದ್ದರೆ ಅದು ಒಂದು ರೂಪಾಯಿ, ಅಷ್ಟೇ. ಅಷ್ಟಕ್ಕೆ ಇಷ್ಟು ತಿಂಗಳು ನಿದ್ದೆಗೆಟ್ಟು ಯಾರೂ ಕೂರುವುದಿಲ್ಲ.

ಆ ಹಾಳೆ ಹುಡುಕಿದೆ. ಒಂದು ಕಿಸೆ ಖಾಲಿ, ಪಕ್ಕದ್ದರಲ್ಲಿ ನಾಣ್ಯ. ಅದನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹೋದೆ. ಭೂತಗನ್ನಡಿಯ ಕೆಳಗೆ ಇಸವಿ ಬಂತು. ಅದರ ಕೆಳಗೆ ನಕ್ಷತ್ರ ಇತ್ತು. ಸಣ್ಣದು, ಚೂಪಾದದ್ದು, ಐದು ಮೊನೆಯದು. ಗಾಜು ಒರೆಸಿ ಇನ್ನೊಮ್ಮೆ ನೋಡಿದೆ. ಇತ್ತು. ಅವ್ವನ ಹಣೆಯ ಮೇಲೆ ಹೋದದ್ದು ಕಲ್ಕತ್ತದ ಸಾದಾ ರೂಪಾಯಿ.

ತಿರುಗಿ ನೋಡಿದೆ. ಅಪ್ಪ ನನ್ನ ಕಡೆ ನೋಡುತ್ತಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿಕೊಂಡು, ಎರಡೂ ಅಂಗೈಗಳನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ಕೂತಿದ್ದ. ಡಾಕ್ಟರ್ ಏನು ಹೇಳುತ್ತಾರೋ ಎಂದು ಅವ್ವನ ಪಕ್ಕದಲ್ಲಿ ಕೂತಿದ್ದಾಗಲೂ ಅವನು ಕೂತಿದ್ದದ್ದು ಹೀಗೆಯೇ.

‘ಸಾದಾದು ಅಪ್ಪಾ’ ಎಂದೆ.

‘ಇಸವಿ ಕೆಳಗ ನೋಡಿದೇನು?’

‘ನೋಡಿದೆ. ಏನಿಲ್ಲ. ನುಣ್ಣಗ ಐತಿ.’

‘ಇನ್ನೊಂದ್ ಸಲ ನೋಡು.’

ನಾನು ನೋಡಲಿಲ್ಲ. ನೋಡುವಷ್ಟು ಹೊತ್ತು ಕಿಟಕಿಯ ಹತ್ತಿರ ನಿಂತೆ. ‘ಎರಡ್ ಸಲ ನೋಡಿದೆ. ಇದು ಕಲ್ಕತ್ತಾದ. ಚಿಕ್ಕೀದು ಅವ್ವನ ಹತ್ರ ಐತಿ.’

ಅಪ್ಪ ಉಸಿರು ಬಿಟ್ಟ. ಅಷ್ಟು ದೊಡ್ಡ ಉಸಿರನ್ನು ಇಷ್ಟು ದಿನ ಎಲ್ಲಿ ಇಟ್ಟುಕೊಂಡಿದ್ದನೋ. ‘ಹಂಗಾದ್ರ ಊಟಕ್ಕ ಹಾಕು’ ಎಂದ. ರೊಟ್ಟಿ ಮುರಿದು, ಪಲ್ಯ ಚಲೋ ಆಗಿದೆ ಎಂದು ಇನ್ನೊಂದು ಸಲ ಹಾಕಿಸಿಕೊಂಡ. ಉಪ್ಪು ಸರಿ ಇದೆಯೇ ಎಂದು ಕೇಳಿದೆ. ಸರಿಯಾಗಿದೆ ಎಂದ. ಕೈ ತೊಳೆದು ಬಂದು, ‘ಆ ಸಾದಾದನ್ನ ಯಾಕ ಇಡೂದು, ಜೋಡಿ ಹೋದ ಮ್ಯಾಲ? ನೀ ತೊಗೊಂಡ್ ಹೋಗು. ಎಲ್ಲೆರ ಖರ್ಚ್ ಮಾಡಿಬಿಡು’ ಎಂದು ಹೇಳಿ ಮಲಗಿದ. ಗೊರಕೆ ಹೊಡೆದ.

ಅವನು ಹೇಳದಿದ್ದರೂ ನಾನು ಅದನ್ನು ಆ ಮನೆಯಿಂದ ದಾಟಿಸಲೇಬೇಕಿತ್ತು. ಇವತ್ತಲ್ಲ ನಾಳೆ ಭಾಯಿಯೋ ಗೌಡರೋ ಬಂದು ಆಲ್ಬಮ್ ತಿರುವುತ್ತಾರೆ, ಅವರ ಕಣ್ಣಿನಿಂದ ನಕ್ಷತ್ರ ತಪ್ಪಿಸಿಕೊಳ್ಳುವುದಿಲ್ಲ. ಆಚಾರ್ರ ಮಂಗಳಾರತಿ ತಟ್ಟೆಗೆ ಹಾಕಿಬಿಡೋಣವೇ ಎಂದುಕೊಂಡೆ. ಹಾಕಿದರೆ ಮುಂದಿನ ಭಾನುವಾರ ಅವರು ಎರಡನೆಯದೂ ಸಿಕ್ಕಿತೆಂದು ಕುಣಿದುಕೊಂಡು ಬಂದು ಅಪ್ಪನ ಎದುರಿಗೇ ಇಡುತ್ತಾರೆ. ಸಂಡೂರಿಗೆ ಒಯ್ದು ಡಬ್ಬಿಯಲ್ಲಿ ಮುಚ್ಚಿಡಲೂ ಮನಸ್ಸಾಗಲಿಲ್ಲ. ಅದು ನನ್ನದಲ್ಲ.

ಸೋಮವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಬಂದೆ. ನಾಣ್ಯ ಅಂಗೈಯಲ್ಲಿತ್ತು. ಬಸ್ಸಿಗೆ ಕೊಡೋಣವೆಂದರೆ ಈಗ ಹೆಂಗಸರ ಹತ್ತಿರ ಕಂಡಕ್ಟರು ದುಡ್ಡೇ ಕೇಳುವುದಿಲ್ಲ. ಗೇಟಿನ ಪಕ್ಕದಲ್ಲಿ ಹೂ ಮಾರುವ ಒಬ್ಬ ಮುದುಕಿ ಆಗಷ್ಟೇ ಬುಟ್ಟಿ ಇಳಿಸಿ, ಒದ್ದೆ ಬಟ್ಟೆ ಸರಿಸುತ್ತಿದ್ದಳು. ಅವ್ವ ಹೋದ ಮೇಲೆ ನಾನು ಹೂ ಕೊಂಡಿರಲಿಲ್ಲ. ಒಂದು ಮೊಳ ಮಲ್ಲಿಗೆ ಕೇಳಿದೆ. ನೋಟು ಕೊಟ್ಟು, ಅದರ ಮೇಲೆ ಆ ನಾಣ್ಯ ಇಟ್ಟೆ.

‘ಇದ್ಯಾಕವ್ವ ಮ್ಯಾಲ? ಸರೀ ಐತಿ’ ಎಂದಳು.

‘ಇರ್ಲಿ ಇಟ್ಕೊಳ್ರಿ.’

‘ಬೋಣಿ ನೀನ ನೋಡು ಇವತ್ತು’ ಎಂದಳು. ಬೆಳಗಿನ ಮೊದಲ ವ್ಯಾಪಾರದ ದುಡ್ಡನ್ನು ಇಲ್ಲಿಯವರು ಸುಮ್ಮನೆ ಒಳಗೆ ಹಾಕುವುದಿಲ್ಲ. ನೋಟನ್ನು ತೊಡೆಯ ಕೆಳಗೆ ಇಟ್ಟು, ಆ ಒಂದು ರೂಪಾಯಿಯನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಒಂದು ಕಣ್ಣಿಗೆ ಒತ್ತಿಕೊಂಡಳು, ಇನ್ನೊಂದು ಕಣ್ಣಿಗೆ ಒತ್ತಿಕೊಂಡಳು. ತುಟಿ ಅಲುಗಿಸಿ ಏನೋ ಬೇಡಿಕೊಂಡಳು. ಇಸವಿ ನೋಡಲಿಲ್ಲ, ಗುರುತು ನೋಡಲಿಲ್ಲ. ಸೊಂಟದ ಸಂಚಿಯ ಬಾಯಿ ಬಿಚ್ಚಿ ಒಳಗೆ ಹಾಕಿ, ದಾರ ಎಳೆದಳು. ಮೊಳದ ಮೇಲೆ ಇನ್ನೂ ಒಂದು ಗೇಣು ಹೂ ಅಳೆದು ಹರಿದುಕೊಟ್ಟಳು.

ಹೂ ಹಿಡಿದುಕೊಂಡು ಸಂಡೂರಿನ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕೂತೆ. ಬಸ್ಸು ಗೇಟು ದಾಟುವ ಮೊದಲೇ ಅಳು ಬಂತು. ನಿಲ್ಲಿಸಲು ಬಾಯಿಗೆ ಸೆರಗು ತುರುಕಿಕೊಂಡೆ, ನಿಲ್ಲಲಿಲ್ಲ. ಅವ್ವ ಬೇಕು ಅನ್ನಿಸಿತು. ಅಪ್ಪನ ತಪ್ಪನ್ನು ಅವಳೊಬ್ಬಳಿಗೆ ಹೇಳಿದರೆ ಸಾಕು, ಸವತಿ ಕೊನೆಗೂ ಮನೆಯಲ್ಲೇ ಉಳಿದಳಲ್ಲ ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು ಅನ್ನಿಸಿತು. ಹೇಳಲು ಅವಳು ಎಲ್ಲೂ ಇರಲಿಲ್ಲ. ಬಸ್ಸಿನವರೆಲ್ಲ ತಿರುಗಿ ನೋಡುವ ಹಾಗೆ ಅತ್ತುಬಿಟ್ಟೆ.

ಪಕ್ಕದಲ್ಲಿ ಕೂತಿದ್ದ ಹೆಂಗಸು ಬೆನ್ನ ಮೇಲೆ ಕೈ ಇಟ್ಟು, ‘ಯಾರು ಹೋದ್ರವ್ವಾ?’ ಎಂದು ಕೇಳಿದಳು.

‘ನಮ್ಮವ್ವ’ ಎಂದೆ.

‘ಅಯ್ಯ ಪಾಪ. ಯಾವಾಗ?’

‘ಈಗ’ ಎಂದೆ.